ಐವತ್ತು ಪ್ಯಾಚ್‌ಗಳ ಲೆಕ್ಕ

ರಾಜ್ಯೋತ್ಸವಕ್ಕೆ ನಮ್ಮ ಸ್ವಯಂಸೇವಕಿಯರಿಗೆ ಕಸೂತಿ ಪ್ಯಾಚ್ ಮಾಡಿಸೋಣ ಎಂಬ ಮಾತು ಬಂದಾಗಿನಿಂದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಅಂಗೈಯಷ್ಟಿಲ್ಲದ ಬಟ್ಟೆಗೆ ಇಷ್ಟು ದುಡ್ಡೇ?" ಉತ್ತರ ಹೇಳಲು ಸಮಿತಿಯವರು ಸಾಫ್ಟ್‌ವೇರಿನವಳಾದ ನನ್ನನ್ನು ನಿಲ್ಲಿಸಿದ್ದಾರೆ. ತಪ್ಪೇನಿಲ್ಲ, ಪ್ಯಾಚಿನ ಅರ್ಧ ಕೆಲಸ ಕಂಪ್ಯೂಟರಿನಲ್ಲೇ ಆಗುವುದು.

ನಾವು ಕಳಿಸುವ ಲಾಂಛನದ ಚಿತ್ರ ಹೊಲಿಗೆ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ಯಾವ ದಿಕ್ಕಿಗೆ ಸಾಗಬೇಕು, ದಾರ ಎಲ್ಲಿ ಕತ್ತರಿಸಬೇಕು ಎಂದು ಒಬ್ಬರು ಕೂತು ನಿರ್ಧರಿಸಬೇಕು. ಇದೇ ಡಿಜಿಟೈಸಿಂಗ್. ದಾರದ ಎಳೆತಕ್ಕೆ ಬಟ್ಟೆ ಮುದುಡುವುದರಿಂದ, ವೃತ್ತವನ್ನು ಒಂದು ದಿಕ್ಕಿಗೆ ಸ್ವಲ್ಪ ಹಿಗ್ಗಿಸಿ ಬರೆದರೇನೇ ಹೊಲಿದ ಮೇಲೆ ಗುಂಡಗೆ ಕಾಣುವುದು. ‘ಆಟೋ’ ಗುಂಡಿ ಒತ್ತಿದರೆ ಆಗುತ್ತದಲ್ಲ ಎನ್ನುವವರಿಗೆ: ಆಗುತ್ತದೆ, ಯಂತ್ರಾನುವಾದದಲ್ಲಿ ಕನ್ನಡ ಆಗುವ ಹಾಗೆ. ಇನ್ನೊಂದು ವಿಷಯ. ಸಾಮಾನ್ಯವಾಗಿ ಬಳಸುವ ಡಿಎಸ್‌ಟಿ ಕಡತದಲ್ಲಿ ಬಣ್ಣದ ಮಾಹಿತಿ ಇರುವುದಿಲ್ಲ, ‘ಇಲ್ಲಿ ಬಣ್ಣ ಬದಲಿಸು’ ಎಂದಷ್ಟೇ ಇರುತ್ತದೆ. ನಮ್ಮ ಅರಿಸಿನ ಕುಂಕುಮ ಕಿತ್ತಳೆ ಗುಲಾಬಿ ಆಗಬಾರದೆಂದರೆ ದಾರದ ಶೇಡ್ ನಂಬರನ್ನೇ ಬರೆದು ಕೊಡಬೇಕು.

ಕನ್ನಡಕ್ಕೆ ಬಂದರೆ ಕಷ್ಟ ಹೆಚ್ಚು. ಇಂಗ್ಲಿಷಿನ ದೊಡ್ಡಕ್ಷರ 5–6 ಮಿ.ಮೀ. ಎತ್ತರವಿದ್ದರೂ ಓದಲು ಬರುತ್ತದೆ. ಅದೇ ಎತ್ತರದಲ್ಲಿ ‘ಕನ್ನಡ’ ಎಂದು ಹೊಲಿಸಿ ನೋಡಿ, ನಕಾರದ ಒತ್ತು ಗಂಟು ಬಿದ್ದ ದಾರದಂತೆ ಕಾಣುತ್ತದೆ. ಒತ್ತು ಉಳಿಯಬೇಕಾದರೆ ಅಕ್ಷರ ಅದರ ಎರಡರಷ್ಟಾದರೂ ಇರಲಿ. ಪ್ಯಾಚಿನ ಮೇಲೆ ಸಂಘದ ಪೂರ್ತಿ ಹೆಸರು, ಸ್ಥಾಪನೆಯ ವರ್ಷ, ಘೋಷವಾಕ್ಯ ಎಲ್ಲ ಬೇಕೆಂದು ಹಟ ಹಿಡಿಯಬೇಡಿ.

ಈಗ ದುಡ್ಡು. ಡಿಜಿಟೈಸಿಂಗ್ ಖರ್ಚು ಒಂದೇ ಸಲ. ಐದು ಪ್ಯಾಚ್ ಮಾಡಿಸಿದರೂ ಅಷ್ಟೇ, ಐನೂರು ಮಾಡಿಸಿದರೂ ಅಷ್ಟೇ. ಉಳಿದದ್ದು ಹೆಚ್ಚಾಗಿ ಹೊಲಿಗೆಯ ಎಣಿಕೆ. ನಮ್ಮ ವಿನ್ಯಾಸಕ್ಕೆ 10,000 ಹೊಲಿಗೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 700 ಹೊಲಿಗೆ ಹಾಕುವ ಯಂತ್ರಕ್ಕೆ ಒಂದು ಪ್ಯಾಚಿಗೆ 14 ನಿಮಿಷ ದಾಟುತ್ತದೆ. ಒಂದೇ ತಲೆಯ ಯಂತ್ರದಲ್ಲಿ 50 ಪ್ಯಾಚ್ ಎಂದರೆ ಸುಮಾರು 12 ಗಂಟೆ. 12 ತಲೆಯ ಯಂತ್ರದಲ್ಲಿ ಐದು ಸುತ್ತು, ಒಂದೂಕಾಲು ಗಂಟೆಯೊಳಗೆ ಮುಗಿಯಿತು. ಬಟ್ಟೆ ಬಿಗಿಯುವುದು, ಅಂಚು ಕಟ್ಟುವುದು ಎರಡಕ್ಕೂ ಬೇರೆ.

ನಮ್ಮ ಸದಸ್ಯೆಯೊಬ್ಬರ ಮನೆಯಲ್ಲಿರುವುದು ಒಂದೇ ತಲೆಯ ಯಂತ್ರ. ಅವರು ಹೇಳಿದ ದರವನ್ನು ದೊಡ್ಡ ಕಾರ್ಖಾನೆಯ ದರದ ಪಕ್ಕದಲ್ಲಿಟ್ಟು "ನಮ್ಮವರೇ ತಾನೇ, ಕಡಿಮೆ ಮಾಡಿ" ಎಂದು ಗುಂಪಿನಲ್ಲೇ ಬರೆದಿದ್ದೇವೆ. ಆಫೀಸಿನಲ್ಲಿ ನನ್ನ 12 ಗಂಟೆಗೆ ಹೀಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಇನ್ನೂರು ಮುನ್ನೂರು ಬೇಕಿದ್ದರೆ ಕಾರ್ಖಾನೆಗೇ ಕೊಡೋಣ, ಅವರೂ ಅದನ್ನೇ ಹೇಳುತ್ತಾರೆ. ಬೇಕಿರುವುದು 50. ಅಷ್ಟು ಕಡಿಮೆಗೆ ಕಾರ್ಖಾನೆಯವರು ಮಾದರಿ ಹೊಲಿದು ತೋರಿಸುವುದು ಅಪರೂಪ. ಇವರು ತೋರಿಸುತ್ತಾರೆ, ಒತ್ತಕ್ಷರ ಸರಿಯಿಲ್ಲದಿದ್ದರೆ ತಿದ್ದಿಯೂ ಕೊಡುತ್ತಾರೆ.

ಹಿಂಬದಿಗೆ ಇಸ್ತ್ರಿ ಅಂಟು ಬೇಡ. ಹತ್ತಿಯ ಟೀ ಶರ್ಟಿಗೆ ಸರಿ, ನಾವು ಅಂದು ಉಡುವ ರೇಷ್ಮೆ ಸೀರೆಗಲ್ಲ. ಪಿನ್ ಹಾಕಿಸಿದರೆ ಕಾರ್ಯಕ್ರಮ ಮುಗಿದ ಮೇಲೆ ವಾಪಸು ಪಡೆದು ಡಬ್ಬಿಯಲ್ಲಿಟ್ಟು ಮುಂದಿನ ವರ್ಷವೂ ಬಳಸಬಹುದು. ಅದಕ್ಕೇ ಪ್ಯಾಚಿನ ಮೇಲೆ ಇಸವಿ ಹಾಕಿಸಬೇಡಿ. ಮಾದರಿ ಈ ಭಾನುವಾರ ಬರುತ್ತದೆ, ಕನ್ನಡಕ ಮರೆಯದೆ ತನ್ನಿ.