ಅಲ್ಲೂ ಸರ್ವರ್ ಇಲ್ಲವಾ?



2025ರ ಸೆಪ್ಟೆಂಬರ್ 19, ಶುಕ್ರವಾರ. ಐಫೋನ್ 17 ಮಾರಾಟ ಶುರುವಾದ ದಿನ. ಬೆಂಗಳೂರಿನ ಹೆಬ್ಬಾಳದ ಕಡೆ ಮಾಲ್ ಆಫ್ ಏಷ್ಯಾದಲ್ಲಿ ಆ್ಯಪಲ್ ಕಂಪನಿ ತನ್ನ ಮಳಿಗೆ ತೆರೆದು ಇನ್ನೂ ಮೂರು ವಾರ ತುಂಬಿರಲಿಲ್ಲ. ಬೆಳಿಗ್ಗೆಯೇ ಅಲ್ಲಿ ಕ್ಯೂ. ದೆಹಲಿಯ ಸಾಕೇತ್‌ನಲ್ಲೂ ಕ್ಯೂ. ಮುಂಬೈನ ಬಿಕೆಸಿಯಲ್ಲಂತೂ ನೂಕುನುಗ್ಗಲು, ಕೈಕೈ ಮಿಲಾಯಿಸೋ ತನಕ ಹೋಯಿತು. ಇದೆಲ್ಲ ನಿಮಗೆ ಹೇಗೆ ಗೊತ್ತು? ನಾವೇ ತೋರಿಸಿದ್ದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ ದೃಶ್ಯ ತಿರುಗಿಸಿ ತಿರುಗಿಸಿ ಹಾಕಿದೆವು. ಮೈಕ್ ಹಿಡಿದು ಆ ಕ್ಯೂ ಪಕ್ಕ ನಿಂತಿದ್ದವರಲ್ಲಿ ನಾನೂ ಒಬ್ಬ.

ಅದಕ್ಕೆ ಎರಡು ದಿನ ಮೊದಲು ನಮ್ಮೂರು ಬೊಬ್ರುವಾಡದಿಂದ ಒಂದು ಫೋನ್ ಬಂದಿತ್ತು. ಚಿಕ್ಕಪ್ಪನ ಮಗ. ಅಂಕೋಲಾ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 20,000 ರೂಪಾಯಿ ಸಂಬಳ. "ಅಣ್ಣಾ, ರಾತ್ರಿ ಬಸ್ಸಿಗೆ ಬತ್ತೆ. ಬೆಳಿಗ್ಗೆ ಕ್ಯೂನಲ್ಲಿ ನಿಂತ್ರೆ ಸಿಗ್ತದ್ಯಾ?" ಅಂತ ಕೇಳಿದ. ದುಡ್ಡು? "ಇಎಂಐ ಅದೆ ಅಲ್ಲ" ಅಂದ.

ಸಿಗ್ತದೆ, ಇಲ್ಲ ಅಂತ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಪ್ರಶ್ನೆ ಅದಲ್ಲ ಕಣ್ರೀ. ನಿಲ್ಲಬೇಕಾ, ನಿಂತರೆ ಏನು ಲಾಭ, ಅನ್ನೋದು ಪ್ರಶ್ನೆ. ನಾನು ಓದಿದ್ದು ಎಂಜಿನಿಯರಿಂಗ್. ಸೇರಿದ್ದು ಟೀವಿಗೆ. ಆದರೂ ಲೆಕ್ಕ ಹಾಕೋ ಚಾಳಿ ಬಿಟ್ಟಿಲ್ಲ. ಬನ್ನಿ, ಲೆಕ್ಕ ಹಾಕೋಣ.

ಮೊದಲು ದುಡ್ಡು. ಐಫೋನ್ 17ರ ಆರಂಭಿಕ ಬೆಲೆ 82,900 ರೂಪಾಯಿ ಇತ್ತು. ನನ್ನ ತಮ್ಮನಿಗೆ ಅದು ನಾಲ್ಕು ತಿಂಗಳ ಪೂರ್ತಿ ಸಂಬಳ, ಅದರ ಮೇಲೆ ಇನ್ನೂ ನಾಲ್ಕು ದಿನದ ದುಡಿಮೆ. ಊಟ ಇಲ್ಲ, ಬಸ್ಸು ಇಲ್ಲ, ಮನೆಗೆ ಒಂದು ರೂಪಾಯಿ ಕೊಡಂಗಿಲ್ಲ. ಈಗ ಇದನ್ನ ನೋಡಿ. 2023ರಲ್ಲಿ ಐಫೋನ್ 15 ಬಂದಾಗ ಬೆಲೆ 79,900. ಒಂದು ವರ್ಷ ಕಳೆದು 16 ಬಂತು. ಅದೇ 15ರ ಬೆಲೆ 69,900ಕ್ಕೆ ಇಳಿಯಿತು. ಮತ್ತೊಂದು ವರ್ಷಕ್ಕೆ 17 ಬಂತು. 16ರ ಬೆಲೆಯೂ 79,900ರಿಂದ 69,900ಕ್ಕೆ. ಎರಡು ವರ್ಷವೂ ಸರಿಯಾಗಿ ಹತ್ತು ಸಾವಿರ. ಅಂದರೆ ಸುಮ್ಮನೆ ಮನೆಯಲ್ಲಿ ಕೂತು ಕಾದವನಿಗೆ ಹತ್ತು ಸಾವಿರ ಉಳಿತಾಯ. ಕ್ಯೂನಲ್ಲಿ ನಿಂತು ಕಾದವನಿಗೆ? ಕಾಲು ನೋವು.

ಇದು ಇವತ್ತಿನ ಕಥೆಯೂ ಅಲ್ಲ. 2007ರ ಜೂನ್ 29ಕ್ಕೆ ಅಮೆರಿಕದಲ್ಲಿ ಮೊಟ್ಟಮೊದಲ ಐಫೋನ್ ಬಂತು. ಜನ ರಾತ್ರಿಯೆಲ್ಲ ಫುಟ್‌ಪಾತ್ ಮೇಲೆ ಕಾದು 599 ಡಾಲರ್ ಕೊಟ್ಟರು. ಸೆಪ್ಟೆಂಬರ್ 5ಕ್ಕೆ ಕಂಪನಿ ಅದರ ಬೆಲೆಯನ್ನ 399 ಮಾಡಿತು. ಎರಡೂವರೆ ತಿಂಗಳೂ ಆಗಿರಲಿಲ್ಲ! ಮೊದಲು ಕೊಂಡವರು ಗಲಾಟೆ ಎಬ್ಬಿಸಿದರು. ಸ್ಟೀವ್ ಜಾಬ್ಸ್ ಕ್ಷಮೆ ಕೇಳಿ, ಅವರಿಗೆಲ್ಲ 100 ಡಾಲರ್ ಕ್ರೆಡಿಟ್ ಕೊಡಬೇಕಾಯಿತು. ಅದೂ ನಗದಲ್ಲ, ಅವರದೇ ಅಂಗಡಿಯಲ್ಲಿ ಮತ್ತೆ ಖರ್ಚು ಮಾಡೋಕೆ.

ಎರಡನೇದು, ಮಾಲು. ಮೊದಲ ದಿನ ಕೊಳ್ಳುವವನು ಗ್ರಾಹಕ ಮಾತ್ರ ಅಲ್ಲ, ಸಂಬಳ ಇಲ್ಲದ ಪರೀಕ್ಷಕ. 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ನೆನಪಿದೆಯಾ? ಆಗಸ್ಟ್ 19ಕ್ಕೆ ಅಮೆರಿಕ, ಕೊರಿಯಾದಲ್ಲಿ ಮಾರಾಟ ಶುರು. ಬ್ಯಾಟರಿಗೆ ಬೆಂಕಿ ಹತ್ತೋಕೆ ಶುರುವಾಯಿತು. ಎರಡೇ ವಾರಕ್ಕೆ, ಸೆಪ್ಟೆಂಬರ್ 2ಕ್ಕೆ, ಕಂಪನಿ ಫೋನುಗಳನ್ನ ವಾಪಸ್ ಕರೆಸಿತು. ಭಾರತದಲ್ಲಿ ಮಾರಾಟ ಶುರುವಾಗಬೇಕಿದ್ದದ್ದು ಅದೇ ಸೆಪ್ಟೆಂಬರ್ 2ಕ್ಕೆ! ನಿಂತುಹೋಯಿತು. ಅಕ್ಟೋಬರ್‌ನಲ್ಲಿ ಆ ಮಾಡೆಲ್ಲೇ ನಿಂತುಹೋಯಿತು. ನಮಗೆ ತಡವಾಗಿ ಬಂತು ಅಂತ ಗೊಣಗಿದವರೇ ಕೊನೆಗೆ ಬಚಾವಾದರು.

ಮೂರನೇದು, ಸಿಗೋದಿಲ್ಲ ಅನ್ನೋ ಭಯ. ಒಂದು ಕಾಲದಲ್ಲಿ ಆ ಭಯಕ್ಕೆ ಅರ್ಥ ಇತ್ತು. ನಮ್ಮಪ್ಪನ ಕಾಲದಲ್ಲಿ ಮನೆಗೆ ಟೆಲಿಫೋನ್ ಬೇಕು, ಸ್ಕೂಟರ್ ಬೇಕು ಅಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅದು ನಿಜವಾದ ಕೊರತೆ. ಈಗ? ಇದೇ ಐಫೋನ್ 17ಗೆ ಮಾರಾಟಕ್ಕಿಂತ ಒಂದು ವಾರ ಮೊದಲೇ ಮನೆಯಲ್ಲಿ ಕೂತು ಮುಂಗಡ ಬುಕ್ ಮಾಡಬಹುದಿತ್ತು. ಆ ಫೋನು ಜೋಡಣೆ ಆಗ್ತಿರೋ ಜಾಗಗಳಲ್ಲಿ ನಮ್ಮ ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯೂ ಒಂದು. ಕ್ಯೂ ನಿಂತ ಮಾಲ್ ಮುಂದಿನ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ದೇವನಹಳ್ಳಿ. ಕೇಳಿದ ಬಣ್ಣ ಮೊದಲ ದಿನ ಮುಗಿದುಹೋಗಬಹುದು, ಒಪ್ತೀನಿ. ಫೋನು ಮುಗಿದುಹೋಗಲ್ಲ.

ಇದನ್ನ ಕರಾವಳಿಯವರಿಗೆ ನಾನು ಹೇಳಿಕೊಡಬೇಕಾ? ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೊದಲ ದಿನ ಅಂಕೋಲಾ ಮೀನುಪೇಟೆಯಲ್ಲಿ ನಿಂತು ನೋಡಿ. ಎರಡು ತಿಂಗಳಿನ ಬಾಯಿಚಪಲ ಎಲ್ಲಾ ಒಂದೇ ದಿನ ಬಂದು ನಿಂತಿರ್ತದೆ. ನಮ್ಮಮ್ಮ ಆ ಕಡೆ ತಲೆಯನ್ನೂ ಹಾಕಲ್ಲ. "ನಾಕು ದಿನ ತಡಿ. ಅದೇ ಬಂಗಡೆ ಬುಟ್ಟಿಯಲ್ಲಿ ಮನೆ ಬಾಗ್ಲಿಗೆ ಬತ್ತದೆ" ಅಂತಾಳೆ. ಬತ್ತದೆ. ಅರ್ಧ ರೇಟಿಗೆ ಬತ್ತದೆ.

ಹಾಗಾದರೆ ಕ್ಯೂನಲ್ಲಿ ನಿಂತವರೆಲ್ಲ ಮೂರ್ಖರಾ? ಅಲ್ಲ. ಅವತ್ತು ನಾನು ಮಾತಾಡಿಸಿದ ಹುಡುಗರು ಖುಷಿಯಾಗಿದ್ದರು. ಗೆಳೆಯರ ಗುಂಪು, ನಗು, ಸೆಲ್ಫಿ. ಸಿನಿಮಾದ ಮೊದಲ ದಿನ ಮೊದಲ ಶೋಗೆ ನಾವು ಹೋಗಲ್ವಾ? ಸ್ವಂತ ದುಡ್ಡು, ಸ್ವಂತ ರಜೆ, ಸಂತೋಷಕ್ಕೆ ನಿಲ್ತೀನಿ ಅಂದರೆ ನಿಲ್ಲಲಿ ಬಿಡಿ. ಅದನ್ನ ಪ್ರಶ್ನೆ ಮಾಡೋಕೆ ನಾನ್ಯಾರು? ಆದರೆ ಸಾಲ ಮಾಡಿ, ನಾಲ್ಕು ತಿಂಗಳ ಸಂಬಳ ಅಡವಿಟ್ಟು, "ನಾನೇ ಮೊದಲು" ಅನ್ನೋ ಒಂದು ಫೋಟೋಗೆ ನಿಲ್ಲೋದು ಇದೆಯಲ್ಲ, ಅಲ್ಲಿ ನನ್ನ ತಕರಾರು.

ಮೊದಲಿಗನಾಗೋಕೆ ಜಾಸ್ತಿ ಬೆಲೆ ಕೊಡೋದು ಯಾವಾಗಲೂ ತಪ್ಪು ಅಂತಲೂ ನಾನು ಹೇಳಲ್ಲ. ಹೇಳಿದರೆ ಅಂಕೋಲೆಯ ಚರಿತ್ರೆಗೆ ಅವಮಾನ ಮಾಡಿದ ಹಾಗೆ. 1930ರ ಏಪ್ರಿಲ್ 13. ಅಂಕೋಲೆಯಲ್ಲಿ ಸಾವಿರಾರು ಜನರ ಎದುರು ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾನೂನು ಮುರಿದರು. ಆ ಉಪ್ಪಿನ ಮೊದಲ ಪೊಟ್ಟಣವನ್ನ ಕಣಗಿಲದ ರೇವು ಹೊನ್ನಪ್ಪ ನಾಯಕರು 30 ರೂಪಾಯಿ ಕೊಟ್ಟು ಕೊಂಡರು. ಆ ಕಾಲದ 30 ರೂಪಾಯಿ, ಒಂದು ಪೊಟ್ಟಣ ಉಪ್ಪಿಗೆ! ನನ್ನ ಲೆಕ್ಕದ ಪ್ರಕಾರ ಶುದ್ಧ ನಷ್ಟ. ಆದರೆ ಅವರು ಕೊಂಡಿದ್ದು ಉಪ್ಪಲ್ಲ. ಆ 30 ರೂಪಾಯಿ ಹೋಗಿದ್ದು ಚಳವಳಿಗೆ, ಊರಿಗೆ ಬಂದಿದ್ದು ಧೈರ್ಯ. ಹಾಗಾಗಿ ಎಲ್ಲಿ ಮೊದಲು ನಿಂತರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಮೊದಲು ನಿಂತಿದ್ದರಿಂದ ನನ್ನ ಹಿಂದೆ ನಿಂತವನಿಗೆ ಏನಾದರೂ ಸಿಕ್ಕಿತಾ?

ಮತ್ತೆ ಆ ಶುಕ್ರವಾರಕ್ಕೆ ಬರ್ತೀನಿ. ಮಧ್ಯಾಹ್ನ ಲೈವ್ ಮುಗಿಸಿ ಗಾಡಿ ಹತ್ತುವಾಗ ಅಮ್ಮನ ಫೋನ್. ರೇಷನ್ ಅಂಗಡಿಯಿಂದ ಆಗತಾನೇ ಬಂದಿದ್ದಳು. ಅದು ಮೂರನೇ ದಿನ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಹೆಬ್ಬೆಟ್ಟು ಹೊಂದಲ್ಲ, ಅವತ್ತು ಮತ್ತೆ ಸರ್ವರ್ ಇಲ್ಲ. ಗದ್ದೆ ಕೆಲಸ ಮಾಡಿ, ಪಾತ್ರೆ ತಿಕ್ಕಿ ಸವೆದ ಬೆರಳು. ಯಂತ್ರಕ್ಕೆ ಗುರುತು ಸಿಗೋದಿಲ್ಲ. ಮನೆಗೆ ಬಂದು ಟೀವಿ ಹಾಕಿದ್ದಾಳೆ, ನಾನು ಕಂಡಿದ್ದೇನೆ. ಕೇಳಿದಳು: "ಎಂತಕ್ಕೆ ಅಷ್ಟೊಂದು ಜನ ನಿಂತಿದ್ರು? ಅಲ್ಲೂ ಸರ್ವರ್ ಇಲ್ವಾ?"

ನನಗೆ ನಗು ಬಂತು. ಆಮೇಲೆ ನಗು ನಿಂತುಹೋಯಿತು. ಕ್ಯೂ ಅಂದರೆ ಅವಳಿಗೆ ಗೊತ್ತಿರೋ ಅರ್ಥ ಅದೊಂದೇ. ಬೇಕಾದ್ದು ಸಿಗದೇ ಇರೋ ಜಾಗ. ಅಲ್ಲಿ ಬಿಟ್ಟು ಬರೋ ಆಯ್ಕೆ ಇಲ್ಲ. ಬಿಟ್ಟರೆ ಆ ತಿಂಗಳ ಅಕ್ಕಿ ಹೋಯಿತು.

ವೀಕ್ಷಕರೇ, ಅಮ್ಮ ನಿಂತ ಕ್ಯೂಗೆ ಯಾವ ಕ್ಯಾಮೆರಾನೂ ಹೋಗಿರಲಿಲ್ಲ. ಮಾಲ್ ಮುಂದಿನ ಕ್ಯೂಗೆ ನಾವು ಅರ್ಧ ದಿನ ಕೊಟ್ಟೆವು, ಪುಕ್ಕಟೆ ಜಾಹೀರಾತು. ನಾವು ತೋರಿಸಿದ್ದು ನೋಡಿಯೇ ಊರಲ್ಲಿರೋ ಹುಡುಗನಿಗೆ ರಾತ್ರಿ ಬಸ್ಸು ಹತ್ತಬೇಕು ಅನ್ನಿಸೋದು. ತಪ್ಪು ಅವನದಕ್ಕಿಂತ ನಮ್ಮದು ಜಾಸ್ತಿ.

ಅಂದ ಹಾಗೆ, ತಮ್ಮ ಬರಲಿಲ್ಲ. ನನ್ನ ಲೆಕ್ಕ ಕೇಳಿ ಅಲ್ಲ. ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ: ನಾಳೆಯೂ ಸಿಗೋ ವಸ್ತುವಿಗೆ ಇವತ್ತು ನಿಲ್ಲಬೇಡ. ಹಳೇ ಫೋನು ನಡೀತಾ ಇದೆ ಅಲ್ಲ? ನಡೀಲಿ. ಕೈಯಲ್ಲಿ ದುಡ್ಡು ಕೂಡಿದ ದಿನ ಹೋಗಿ ತಗೋ, ಅವತ್ತು ಅಂಗಡಿ ಖಾಲಿ ಇರ್ತದೆ.

ನಿಮಗೆ ಹೇಳೋದು ಇನ್ನೊಂದಿದೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಫೋನು ಬರ್ತದೆ, ಮತ್ತೊಂದು ಕ್ಯೂ ನಿಲ್ತದೆ. ಅವತ್ತು ನನ್ನ ಕ್ಯಾಮೆರಾ ಯಾವುದಾದರೂ ರೇಷನ್ ಅಂಗಡಿಯ ಮುಂದೆ ಇರಬೇಕು ಅಂತ ಅಂದುಕೊಂಡಿದ್ದೇನೆ. ಇರದಿದ್ದರೆ ನೀವೇ ಫೋನ್ ಮಾಡಿ ಕೇಳಿ. ಹಳೇ ಫೋನಿಂದಾನೇ ಮಾಡಿ, ಪರವಾಗಿಲ್ಲ.