ನನ್ನ ಕ್ರಿಕೆಟ್ ಟ್ರಂಕು

ಸಂಗ್ರಹ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಹಳೆಯ ನಾಣ್ಯಗಳು, ತಾಳೆಗರಿಗಳು, ಶಾಸನದ ಪಡಿಯಚ್ಚುಗಳು ನೆನಪಾಗುತ್ತವೆ. ನಾನು ಕೂಡಿಟ್ಟಿರುವುದು ಅಂಥ ಘನವಾದ ವಸ್ತುಗಳನ್ನಲ್ಲ. ಕ್ರಿಕೆಟ್ ಆಟಕ್ಕೆ ಸಂಬಂಧಿಸಿದ ಚಿಲ್ಲರೆ ಸಾಮಾನು ಮಾತ್ರ: ಹರಿದ ಟಿಕೆಟ್ಟುಗಳು, ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳು, ಆಟೋಗ್ರಾಫ್ ಪುಸ್ತಕಗಳು, ಹೊಲಿಗೆ ಬಿಚ್ಚಿದ ಒಂದು ಚೆಂಡು. ಇವೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆಯ ನಡುವೆ ಮಲಗಿವೆ. ನಾನೇನೂ ಆಟಗಾರನಲ್ಲ. ಚಾಮರಾಜಪೇಟೆಯ ಓಣಿಯ ತಂಡದಲ್ಲಿಯೂ ನನಗೆ ಹನ್ನೊಂದನೆಯ ಸ್ಥಾನ, ಅದೂ ಬ್ಯಾಟು ನಮ್ಮ ಮನೆಯದಾಗಿದ್ದ ಕಾರಣದಿಂದ.

ಈ ಚಟಕ್ಕೆ ಮೂಲ ನಮ್ಮ ತಾಯಿಯವರು. ಅವರ ತವರುಮನೆ ಮಲ್ಲೇಶ್ವರ. ಒಂದು ನವರಾತ್ರಿಗೆ ಎಂಟನೆಯ ಅಡ್ಡರಸ್ತೆಯಲ್ಲಿ ಅವರು ಮಣ್ಣಿನ ಕ್ರಿಕೆಟ್ ಸೆಟ್ಟೊಂದನ್ನು ಕೊಂಡು ತಂದರು. ಇಬ್ಬರು ಬ್ಯಾಟುಗಾರರು, ಬೌಲರು, ಮೊಣಕಾಲು ಮಡಿಸಿ ಕುಳಿತ ವಿಕೆಟ್ ಕೀಪರು, ಸುತ್ತ ಫೀಲ್ಡರುಗಳು, ಬಿಳಿಯ ನಿಲುವಂಗಿಯ ಇಬ್ಬರು ಅಂಪೈರುಗಳು. ಮೇಲಿನ ಹಂತದಲ್ಲಿ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದಶಾವತಾರ, ಇನ್ನೂ ಕೆಳಗೆ ಶೆಟ್ಟಿ ಮತ್ತು ಶೆಟ್ಟಮ್ಮನ ಅಂಗಡಿ. ನೆಲದ ಮೇಲೆ ಮೊಳಕೆ ಬರಿಸಿದ ರಾಗಿಯ ಹಸುರೇ ಮೈದಾನ, ನಡುವೆ ಮರಳು ಚೆಲ್ಲಿದ ಪಿಚ್ಚು. ಆರತಿಗೆ ಬಂದ ಮುತ್ತೈದೆಯರು ಶ್ರೀರಾಮ ಪಟ್ಟಾಭಿಷೇಕವನ್ನು ಬಿಟ್ಟು ಈ ಮೈದಾನದ ಮುಂದೆಯೇ ಬಗ್ಗಿ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ. ಎರಡನೆಯ ವರ್ಷ ಒಬ್ಬ ಅಂಪೈರಿನ ಎತ್ತಿದ ಬೆರಳು ಮುರಿಯಿತು. ಅಂದಿನಿಂದ ಆತ ಯಾರನ್ನೂ ಔಟ್ ಕೊಡಲಾರದವನಾದ. ಆ ಸೆಟ್ಟಿನಲ್ಲಿ ಉಳಿದಿರುವ ಏಳು ಗೊಂಬೆಗಳು ಈಗಲೂ ನನ್ನಲ್ಲಿವೆ. ಕಲೆಯ ಪಾರಖಿಗಳು ಅವನ್ನು ಕಲೆಯೆಂದು ಒಪ್ಪುವರೋ ಇಲ್ಲವೋ ತಿಳಿಯದು. ಆ ಬೌಲರಿನ ತೋಳಿನ ತಿರುವನ್ನು ರೂಪಿಸಿದ ಕುಂಬಾರ ಒಮ್ಮೆಯಾದರೂ ಮೈದಾನದ ಅಂಚಿನಲ್ಲಿ ನಿಂತು ನೋಡಿರಬೇಕೆಂದು ನನ್ನ ನಂಬಿಕೆ.

ನನ್ನ ಅಭಿಮಾನ ಬಲಿತದ್ದು 1971ರಲ್ಲಿ. ಆ ವರ್ಷ ನಮ್ಮವರು ಮೊದಲು ವೆಸ್ಟ್ ಇಂಡೀಸ್‌ನಲ್ಲಿ, ಬಳಿಕ ಇಂಗ್ಲೆಂಡಿನಲ್ಲಿ ಸರಣಿ ಗೆದ್ದರು. ಆಗಸ್ಟ್ ತಿಂಗಳಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ 101 ರನ್ನಿಗೆ ಉರುಳಿದಾಗ 38 ರನ್ನಿಗೆ 6 ವಿಕೆಟ್ ಕಿತ್ತವರು ನಮ್ಮ ಬಿ. ಎಸ್. ಚಂದ್ರಶೇಖರ್. ಎಳವೆಯಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯದು ಆ ಕೆಲಸ. ಆ ವರ್ಷದ ಕೊನೆಗೆ ಅಂಚೆ ಇಲಾಖೆ ಈ ಗೆಲುವುಗಳಿಗಾಗಿ 20 ಪೈಸೆಯ ಅಂಚೆಚೀಟಿಯನ್ನು ಹೊರತಂದಿತು. ನಾನು ನಾಲ್ಕು ಕೊಂಡೆ. ಮೂರನ್ನು ಕಾಗದಗಳಿಗೆ ಅಂಟಿಸಿ ಕಳುಹಿಸಿದೆ, ಒಂದು ಉಳಿದಿದೆ. ಸಂಗ್ರಾಹಕನಾದವನು ನಾಲ್ಕನ್ನೂ ಉಳಿಸಿಕೊಳ್ಳುತ್ತಿದ್ದ. ಆದರೆ ಆ ಚೀಟಿಯನ್ನು ಹುಬ್ಬಳ್ಳಿಯ ಬಂಧುಗಳಿಗೆ ತೋರಿಸದೆ ಇರುವುದು ನನ್ನಿಂದಾಗಲಿಲ್ಲ.

ಇನ್ನು 1974. ಅದರ ಹಿಂದಿನ ನವೆಂಬರ್ ಒಂದರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿತ್ತು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ತಂಡ ಎರಡು ಬಾರಿ ರಣಜಿ ಫೈನಲ್ ತಲುಪಿ ಎರಡು ಬಾರಿಯೂ ಬೊಂಬಾಯಿಗೆ ಸೋತಿತ್ತು. ಬೊಂಬಾಯಿಯಾದರೋ ಸತತವಾಗಿ 15 ವರ್ಷ ಆ ಪಾರಿತೋಷಕವನ್ನು ಕೈಬಿಟ್ಟಿರಲಿಲ್ಲ. ಹೊಸ ಹೆಸರಿನ ಮೊದಲ ವರ್ಷವೇ ಸೆಮಿಫೈನಲ್ ಬೆಂಗಳೂರಿಗೆ ಬಂತು, ಆಗಿನ್ನೂ ಪೂರ್ತಿಯಾಗದ ಕ್ರೀಡಾಂಗಣಕ್ಕೆ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ತಂಡದ ಮೊತ್ತ 385. ನಾಯಕ ಪ್ರಸನ್ನರ ಚೆಂಡು ಗಾವಸ್ಕರರ ಸ್ಟಂಪಿಗೆ ತಾಗಿದಾಗ ಎದ್ದ ಕೂಗು ಕಬ್ಬನ್ ಪಾರ್ಕಿನ ಗಿಳಿಗಳನ್ನೆಲ್ಲ ಎಬ್ಬಿಸಿತು. ವಾಡೇಕರ್ ಜಾರಿ ರನ್ ಔಟ್ ಆದರು. ಬೊಂಬಾಯಿ 307. ಮುನ್ನಡೆ 78, ಅಷ್ಟು ಸಾಕಾಯಿತು. ಅನಂತರ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ಪು ನಮ್ಮದಾಯಿತು. ಆ ಸೆಮಿಫೈನಲ್ಲಿನ ಟಿಕೆಟ್ಟಿನ ಅರ್ಧ ನನ್ನ ಟ್ರಂಕಿನಲ್ಲಿರುವ ಅತ್ಯಂತ ಬೆಲೆಯುಳ್ಳ ಕಾಗದವೆಂದು ನಾನು ಬಹುಕಾಲ ತಿಳಿದಿದ್ದೆ.

ಹಾಗೆ ತಿಳಿದದ್ದು ಎಷ್ಟು ತಪ್ಪೆಂಬುದಕ್ಕೆ ನಮ್ಮ ಅಣ್ಣನ ವಿಷಯ ಹೇಳಬೇಕು.

ಅಣ್ಣ ನನಗಿಂತ ಎಂಟು ವರ್ಷ ಹಿರಿಯ. ಒಂದು ಸಣ್ಣ ಕ್ಲಬ್ಬಿಗೆ ಆತ ಸ್ಕೋರು ಬರೆಯುವವನು. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಉದ್ದನೆಯ ಸ್ಕೋರು ಪುಸ್ತಕ, ಎರಡು ಪೆನ್ಸಿಲು, ಒಂದು ರಬ್ಬರು ಚೀಲಕ್ಕೆ ಹಾಕಿಕೊಂಡು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ನಡೆಯುತ್ತಿದ್ದ, ಹಿಂದೆ ನಾನು. ನಾರಿನ ಚಾಪೆ ಹಾಸಿ, ಮೊಳೆ ಹೊಡೆದು ಬಿಗಿದ ಮ್ಯಾಟಿಂಗ್ ಪಿಚ್ಚು. ಮರದ ಕೆಳಗೆ ಒಂದು ಮೇಜು. ಪ್ರತಿ ಎಸೆತಕ್ಕೂ ಒಂದು ಗುರುತು. ರನ್ನಿಲ್ಲದಿದ್ದರೆ ಚುಕ್ಕೆ. ಆರೂ ಚುಕ್ಕೆಗಳಾದರೆ ಅವನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ ಎಮ್ ಅಕ್ಷರ ಮಾಡುತ್ತಿದ್ದ. ಅದು ಮೇಡನ್ ಓವರು. ರಂಗೋಲಿ ಹಾಕುವವರ ಕೈಯಂತೆ ಆ ಕೈ ಒಂದು ಚುಕ್ಕೆಯನ್ನೂ ತಪ್ಪುತ್ತಿರಲಿಲ್ಲ. ನನಗೆ ಆ ಚುಕ್ಕೆಗಳಲ್ಲಿ ಆಸಕ್ತಿಯಿರಲಿಲ್ಲ. ನಾನು ಆಟೋಗ್ರಾಫ್ ಪುಸ್ತಕ ಹಿಡಿದು ಆಟಗಾರರ ಹಿಂದೆ ಅಲೆಯುತ್ತಿದ್ದೆ.

1976ರಲ್ಲಿ ಅಣ್ಣನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹನ್ನೊಂದು ವರ್ಷದ ಸ್ಕೋರು ಪುಸ್ತಕಗಳನ್ನು ದಾರದಿಂದ ಕಟ್ಟಿ ಅಟ್ಟಕ್ಕೇರಿಸಿ, “ನೋಡಿಕೋಪ್ಪ” ಎಂದಷ್ಟೇ ಹೇಳಿ ಹೋದ. 1988ರಲ್ಲಿ ಚಾಮರಾಜಪೇಟೆಯ ಬಾಡಿಗೆಯ ಮನೆಯನ್ನು ಬಿಡಬೇಕಾಯಿತು. ಹೊಸ ಮನೆ ಚಿಕ್ಕದು, ಅಟ್ಟವಿಲ್ಲ. ಹಳೆಯ ಪೇಪರಿನವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ನನ್ನ ಟ್ರಂಕನ್ನು ನಾನೇ ಕೈಯಾರೆ ಗಾಡಿಗೆ ಏರಿಸಿದೆ. ಅಣ್ಣನ ಕಟ್ಟನ್ನು ವೃತ್ತಪತ್ರಿಕೆಗಳ ಜೊತೆಗೆ ತೂಕಕ್ಕೆ ಹಾಕಿದೆ. ಯಾರೂ ನನ್ನನ್ನು ಒತ್ತಾಯಪಡಿಸಲಿಲ್ಲ. ನನಗೆ ತಿಳಿಯದೆಯೂ ಆದದ್ದಲ್ಲ. ಲೀಗ್ ಪಂದ್ಯಗಳ ಲೆಕ್ಕ, ಯಾರಿಗೆ ಬೇಕು ಎಂದು ನಾನು ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಮುಂದಿನ ದೀಪಾವಳಿಗೆ ಅಣ್ಣ ಬಂದಾಗ, ಎಣ್ಣೆ ಹಚ್ಚಿಕೊಂಡು ಕುಳಿತವನು ಕೇಳಿದ: “ನನ್ನ ಪುಸ್ತಕಗಳು?” ಟ್ರಂಕಿನ ಅಡಿಯಲ್ಲಿವೆ ಎಂದೆ. ಟ್ರಂಕು ನಮ್ಮಿಬ್ಬರ ಎದುರಿಗೇ ಇತ್ತು, ಬೀಗವೂ ಹಾಕಿರಲಿಲ್ಲ. ಆತ ಅದರತ್ತ ಒಮ್ಮೆ ನೋಡಿ, ಬಿಸಿನೀರು ಕಾಯಿತೇ ಎಂದು ಒಳಗೆ ಕೂಗಿದ. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದ. ಒಮ್ಮೆಯೂ ಆ ಮಾತು ಎತ್ತಲಿಲ್ಲ, ಟ್ರಂಕು ತೆರೆಯೆನ್ನಲೂ ಇಲ್ಲ. ಆತನಿಗೆ ಗೊತ್ತಾಗಿತ್ತೆಂದೇ ನಾನು ತಿಳಿದಿದ್ದೇನೆ.

ಆ ದೀಪಾವಳಿಯ ಮಾರನೆಯ ವಾರ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನೆಲ್ಲ ಅಲೆದೆ. ಅಮರಕೋಶ, ಲಾಗರಿತಮ್ ಕೋಷ್ಟಕ, ಯಾರೋ ಇನಾಮು ಪಡೆದ ಷೇಕ್ಸ್‌ಪಿಯರ್, ಎಲ್ಲವೂ ಸಿಕ್ಕವು, ಅದೊಂದು ಸಿಗಲಿಲ್ಲ.

ಪ್ರಪಂಚದಲ್ಲಿ ಇಂಥ ಕಾಗದಗಳನ್ನು ಉಳಿಸಿದವರ ಕಥೆಗಳೂ ಉಂಟು. ಅಮೆರಿಕದವರ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ ಎನ್ನಬಹುದಾದ ಆಟ. ಆಟಗಾರರ ಚಿತ್ರವುಳ್ಳ ಚಿಕ್ಕ ಕಾರ್ಡುಗಳನ್ನು ಅಲ್ಲಿ ಹಿಂದೆ ಸಿಗರೇಟಿನ ಪೊಟ್ಟಣದಲ್ಲಿ ಇಟ್ಟು ಮಾರುತ್ತಿದ್ದರು. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಅಂಥ ಒಂದು ಕಾರ್ಡು 2022ರಲ್ಲಿ 70 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಆದರೆ ನನಗೆ ಪ್ರಿಯನಾದವನು ಆ ಕಾರ್ಡನ್ನು ಕೊಂಡ ಸಿರಿವಂತನಲ್ಲ, ಜೆಫರ್ಸನ್ ಬರ್ಡಿಕ್ ಎಂಬಾತ. ಸಿರಾಕ್ಯೂಸ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಸಲಕರಣೆಗಳನ್ನು ಜೋಡಿಸುವ ಕೆಲಸ ಆತನದು. ಸಂಧಿವಾತದಿಂದ ಬೆರಳುಗಳು ಸೆಟೆದಿದ್ದವು. ಮೂರು ಲಕ್ಷಕ್ಕೂ ಮಿಕ್ಕ ಕಾರ್ಡುಗಳನ್ನು ಕೂಡಿಹಾಕಿ, ಯಾವುದು ಎಲ್ಲಿಯದು, ಯಾವ ಕಾಲದ್ದು ಎಂದು ಪಟ್ಟಿ ಮಾಡಿ, ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟ. ಕೊಟ್ಟು ಸುಮ್ಮನಾಗಲಿಲ್ಲ; ಅಲ್ಲಿಯೇ ಕುಳಿತು ಆ ಸೊಟ್ಟ ಬೆರಳುಗಳಿಂದ ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೊನೆಯದನ್ನು ಅಂಟಿಸಿ ಹೊರಟವನು ಮಾರ್ಚಿಯಲ್ಲಿ ತೀರಿಕೊಂಡ. ಇಂದಿಗೂ ಲಕ್ಷಾಧೀಶರು ಆ ವ್ಯಾಗ್ನರ್ ಕಾರ್ಡಿನ ಸಮೂಹವನ್ನು ಟಿ-206 ಎಂದು ಕರೆಯುವುದು ಬರ್ಡಿಕ್ ತನ್ನ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆಯಿಂದ.

ಬರೆದಿಟ್ಟ ಪುಸ್ತಕದ ಬೆಲೆ ಏನೆಂಬುದಕ್ಕೆ ನಮ್ಮ ಕಡೆಯದೇ ಒಂದು ನಿದರ್ಶನವಿದೆ. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಮೈದಾನದಲ್ಲಿ ಜಿಂಬಾಬ್ವೆಯ ಎದುರು ನಮ್ಮವರು 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದರು. ಕಪಿಲ್ ದೇವ್ ಔಟಾಗದೆ 175 ಹೊಡೆದರು. ಒಂಬತ್ತನೆಯ ವಿಕೆಟ್ಟಿಗೆ ಅವರೊಡನೆ ಮುರಿಯದೆ 126 ರನ್ನು ಕೂಡಿಸಿದವರು ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ. ಅವರ ಪಾಲು 24. ಆ ದಿನ ಅಲ್ಲಿ ಟೆಲಿವಿಷನ್ ಚಿತ್ರೀಕರಣ ನಡೆಯಲಿಲ್ಲ. ಆ ಆಟವನ್ನು ಮತ್ತೆ ನೋಡುವ ಭಾಗ್ಯ ಯಾರಿಗೂ ಇಲ್ಲ. ಎಸೆತವೆಸೆತಕ್ಕೂ ಗುರುತು ಹಾಕಿದ ಸ್ಕೋರರನ ಪುಟವೇ ಅದಕ್ಕೆ ಸಾಕ್ಷಿ. ವಿಶ್ವಕಪ್ಪಿನ ಪಂದ್ಯಕ್ಕೇ ಹೀಗಾದರೆ, ಬಸವನಗುಡಿಯ ಭಾನುವಾರಗಳಿಗೆ ಬೇರೆ ಯಾವ ಸಾಕ್ಷಿ?

ಈಗ ನನ್ನ ಆಟೋಗ್ರಾಫ್ ಪುಸ್ತಕದ ಒಂದು ಹಾಳೆಯ ಮಾತು. ತಿಳಿಗುಲಾಬಿ ಬಣ್ಣದ ಹಾಳೆ. ಮೇಲೆ ನನ್ನದೇ ಅಕ್ಷರದಲ್ಲಿ ‘ನ್ಯಾಷನಲ್ ಕಾಲೇಜು ಮೈದಾನ, 1972’ ಎಂದಿದೆ. ಕೆಳಗೆ ನಾಲ್ಕು ಸಹಿಗಳು. ಮೂರನ್ನು ಓದಬಲ್ಲೆ. ನಾಲ್ಕನೆಯದು ‘ಕೆ’ ಎಂದು ಆರಂಭವಾಗಿ ಒಂದು ಅಲೆಯಾಗಿ ಹರಿದುಹೋಗಿದೆ. ಬರೆದವರ ಮುಖ ನೆನಪಿದೆ: ಕೃಶವಾದ ದೇಹ, ತಮ್ಮ ಅಳತೆಯದಲ್ಲದ ಷರಾಯಿ, ಅಂದು ಅವರು ಹಿಡಿದ ಒಂದು ಕ್ಯಾಚು, ಹಿಂದಕ್ಕೆ ಓಡಿ, ಭುಜದ ಮೇಲಿಂದ. ಸಹಿ ಕೇಳಿದಾಗ ಅವರು ನಾಚಿದರು. ಬಹುಶಃ ಅದುವರೆಗೆ ಯಾರೂ ಕೇಳಿರಲಿಲ್ಲ. ಹೆಸರು ಮಾತ್ರ ತಿಳಿಯದು. ಗೆಳೆಯರಿಗೆ ತೋರಿಸಿದೆ, ಆ ಕಾಲದ ಇಬ್ಬರು ಆಟಗಾರರಿಗೂ ತೋರಿಸಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅಣ್ಣನ ಪುಸ್ತಕದಲ್ಲಿ ಆ ಭಾನುವಾರದ ಪುಟದಲ್ಲಿ ‘ಕ್ಯಾಚ್’ ಎಂದು ಬರೆದು ಅದರ ಮುಂದೆ ಆ ಹೆಸರು ಇದ್ದೇ ಇತ್ತು.

ಮೊನ್ನೆ ಮೊಮ್ಮಗಳು ಟ್ರಂಕನ್ನು ತೆಗೆಸಿ ಒಂದೊಂದನ್ನೂ ಕೈಗೆತ್ತಿ, “ತಾತ, ಇದು ಯಾರದು, ಯಾವಾಗಿನದು?” ಎಂದು ಕೇಳುತ್ತ ಹೋದಳು. ಹೇಳಬಲ್ಲದ್ದನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೇನೆ. ಹೇಳಲಾರದವು ಬಹಳ ಇವೆ. ಮೈದಾಹಿಟ್ಟಿನ ಅಂಟಿಗೆ ಮೈಲುತುತ್ತು ಬೆರೆಸದೆ ಅಂಟಿಸಿದ ಚಿತ್ರಗಳನ್ನು ಹುಳು ತಿಂದಿದೆ. ಅದು ಬೇರೆ ಕಥೆ.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ಯಾರಾದರೂ 1988ರ ಸುಮಾರಿನಲ್ಲಿ ಅವೆನ್ಯೂ ರಸ್ತೆಯಲ್ಲೋ ಬಳೇಪೇಟೆಯಲ್ಲೋ ಸ್ಕೋರು ಪುಸ್ತಕಗಳ ಒಂದು ಕಟ್ಟನ್ನು ಕೊಂಡಿದ್ದರೆ, ಅದು ನಿಮ್ಮಲ್ಲಿಯೇ ಇರಲಿ, ನಾನು ಹಿಂದಕ್ಕೆ ಕೇಳುವುದಿಲ್ಲ. 1972ರ ಬೇಸಗೆಯ ಪುಟಗಳನ್ನು ಒಮ್ಮೆ ನೋಡಲು ಬಿಟ್ಟರೆ ಸಾಕು. ಗುರುತು ಹೇಳುತ್ತೇನೆ. ಉದ್ದನೆಯ ಪುಸ್ತಕಗಳು, ಕೆಂಪು ಬಟ್ಟೆಯ ಬೆನ್ನು. ಪ್ರತಿ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದಿದೆ. ಮಳೆ ಬಂದು ಆಟ ನಿಂತ ದಿನಗಳಲ್ಲಿ, ಅಂಚಿನಲ್ಲಿ ಒಂದು ಪುಟ್ಟ ಕೊಡೆಯ ಚಿತ್ರವಿರುತ್ತದೆ.