ಸಾಕಿದ ಆಮೆ ಏಕೆ ಕಚ್ಚುತ್ತದೆ?

(ಪ್ರೌಢಶಾಲಾ ವಿದ್ಯಾರ್ಥಿಗಳೂ ಕೃಷಿಕರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಡಿಕೆಯ ಕೊಳೆರೋಗದ ಬಗೆಗೋ ಕಾಳುಮೆಣಸಿನ ಸೊರಗುರೋಗದ ಬಗೆಗೋ ಮಾತನಾಡಬೇಕಾದವನು ಆಮೆಯ ವಿಷಯವನ್ನು ಎತ್ತಿಕೊಂಡಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಇದಕ್ಕೊಂದು ಕಾರಣವಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನೆರೆಮನೆಯ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಆಮೆಯೊಂದನ್ನು ಹೊತ್ತುಕೊಂಡು ನಮ್ಮ ಜಗುಲಿಗೆ ಬಂದ. ಮೂರು ವರ್ಷಗಳ ಹಿಂದೆ ಪೇಟೆಯ ಅಂಗಡಿಯಿಂದ ತಂದಾಗ ಅದು ದೊಡ್ಡ ನಾಣ್ಯದಷ್ಟಿತ್ತಂತೆ. ಈಗ ಅಂಗೈಯನ್ನು ಮೀರಿ ಬೆಳೆದಿತ್ತು. ಹಿಂದಿನ ದಿನ ಅದು ಅವನ ತಂಗಿಯ ಬೆರಳನ್ನು ಕಚ್ಚಿ ರಕ್ತ ಬರಿಸಿತ್ತು. "ಅಪ್ಪ ಇದನ್ನು ನಾಳೆ ಹೊಳೆಗೆ ಬಿಡುತ್ತಾರಂತೆ. ಕಚ್ಚುವುದನ್ನು ನಿಲ್ಲಿಸಲು ಏನಾದರೂ ಔಷಧ ಇದೆಯೆ?" ಎಂದು ಕೇಳಿದ.

ಔಷಧವಿಲ್ಲ. ಆದರೆ ಅವನ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿದ್ದವು. ಆಮೆ ಏಕೆ ಕಚ್ಚುತ್ತದೆ ಎಂಬುದು ಒಂದು. ಕಚ್ಚುವ ಆಮೆ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ತಿಳಿಯದೆ ಹೋದವರು ಎರಡನೆಯದರಲ್ಲಿ ದೊಡ್ಡ ತಪ್ಪನ್ನು ಮಾಡುತ್ತಾರೆ. ಆದ್ದರಿಂದಲೇ ಈ ಮಾತು.

ಪೇಟೆಗಳಲ್ಲಿ ಮಾರಾಟವಾಗುವುದು ಹೆಚ್ಚಾಗಿ ಒಂದೇ ಜಾತಿ: ರೆಡ್ ಇಯರ್ಡ್ ಸ್ಲೈಡರ್ ಎಂದು ಕರೆಯುವ ಕೆಂಪುಕಿವಿಯ ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವುದರಿಂದ ಈ ಹೆಸರು. ಹೊರಗಿವಿ ಯಾವ ಆಮೆಗೂ ಇಲ್ಲ. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಅಂಗಡಿಯಲ್ಲಿ ಒಂದೂಕಾಲು ಅಂಗುಲದ ಹಸಿರು ಮರಿಯಾಗಿ ಕಾಣುವ ಇದು, ಹೆಣ್ಣಾದರೆ ಹತ್ತು ಅಂಗುಲಕ್ಕೂ ಮಿಕ್ಕಿ ಬೆಳೆಯಬಲ್ಲದು. ಸರಿಯಾಗಿ ಸಾಕಿದರೆ 20-30 ವರ್ಷ ಬದುಕುತ್ತದೆ. ಮಾರುವವರು ಈ ಎರಡು ಅಂಕಿಗಳನ್ನು ಕೊಳ್ಳುವವರಿಗೆ ಹೇಳುವುದನ್ನು ನಾನಂತೂ ಕೇಳಿಲ್ಲ. ಹೇಳಿದ್ದರೆ ಅರ್ಧದಷ್ಟು ಜನ ಕೊಳ್ಳುತ್ತಲೇ ಇರಲಿಲ್ಲ.

ಇನ್ನು ಬಾಯಿಯ ರಚನೆ. ಆಮೆಗೆ ಹಲ್ಲುಗಳಿಲ್ಲ. ಸುಮಾರು 22 ಕೋಟಿ ವರ್ಷಗಳಷ್ಟು ಹಿಂದಿನ, ಚೀನಾದಲ್ಲಿ ದೊರೆತು 2008ರಲ್ಲಿ ವರದಿಯಾದ ಓಡಾಂಟೋಕೆಲಿಸ್ ಎಂಬ ಪಳೆಯುಳಿಕೆಯಲ್ಲಿ ಹಲ್ಲುಗಳಿದ್ದವು. ಇಂದಿನ ಆಮೆಗಳಲ್ಲಿ ಅವುಗಳ ಬದಲು ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದ ಗಟ್ಟಿ ಕೊಕ್ಕಿದೆ. ಅದರ ಅಂಚು ಕತ್ತರಿಯಂತೆ ಕೂಡುತ್ತದೆ. ನೀರಾಮೆಯು ಆಹಾರವನ್ನು ನೀರಿನೊಳಗೇ ನುಂಗಬೇಕು. ದಡದಲ್ಲಿ ಸಿಕ್ಕಿದ ತುತ್ತನ್ನೂ ನೀರಿಗೆ ಎಳೆದೊಯ್ಯುತ್ತದೆ. ನೀರಿನಲ್ಲಿ ಮೀನಾಗಲಿ ಹುಳುವಾಗಲಿ ಕಾಯುತ್ತ ಕೂರುವುದಿಲ್ಲ. ಹಾಗಾಗಿ ಕಂಡೊಡನೆ ಕತ್ತು ಚಾಚಿ ಹಿಡಿಯುವುದು ಈ ಪ್ರಾಣಿಯ ಹುಟ್ಟುಗುಣ. ಆಮೆಯ ನಿಧಾನ ಗಾದೆಯ ಮಾತಾಗಿರಬಹುದು, ಅದರ ಕತ್ತಿಗೆ ಅದು ಅನ್ವಯಿಸುವುದಿಲ್ಲ.

ಮನೆಗಳಲ್ಲಿ ನಡೆಯುವ ಕಡಿತಗಳಲ್ಲಿ ನನಗೆ ಕಂಡಂತೆ ಹೆಚ್ಚಿನವು ಸಿಟ್ಟಿನವಲ್ಲ, ತಪ್ಪು ತಿಳಿವಳಿಕೆಯವು. ದಿನವೂ ಬೆರಳ ತುದಿಯಲ್ಲಿ ಆಹಾರ ಹಿಡಿದು ತಿನ್ನಿಸುತ್ತೇವೆ. ಕೆಲವೇ ವಾರಗಳಲ್ಲಿ ಆಮೆ ಪಾಠ ಕಲಿಯುತ್ತದೆ: ಮೇಲಿನಿಂದ ಇಳಿಯುವ ನಸುಗೆಂಪು ವಸ್ತು ತಿನ್ನುವಂಥದ್ದು. ಆಮೆಗಳು ಬಣ್ಣವನ್ನು, ಅದರಲ್ಲೂ ಕೆಂಪನ್ನು, ಚೆನ್ನಾಗಿ ಗುರುತಿಸುತ್ತವೆ. ಮಗುವಿನ ಬೆರಳು ಎರೆಹುಳುವಿಗಿಂತ ಬೇರೆಯೆಂದು ಅದಕ್ಕೆ ಯಾರು ಹೇಳಬೇಕು? ನಾನೂ ಒಮ್ಮೆ ಎರೆಗೊಬ್ಬರದ ತೊಟ್ಟಿಯಲ್ಲಿ ಕೆಲಸ ಮಾಡಿ, ಕೈ ತೊಳೆಯದೆ, ಸ್ನೇಹಿತರ ಮನೆಯ ಆಮೆಯ ತೊಟ್ಟಿಯಲ್ಲಿ ಬೆರಳಾಡಿಸಿ ಕಚ್ಚಿಸಿಕೊಂಡಿದ್ದೇನೆ. ಎರೆಹುಳುವಿನ ವಾಸನೆಯ ಬೆರಳನ್ನು ಒಡ್ಡಿದ್ದು ನಾನು. ಆಮೆ ತನ್ನ ಕೆಲಸವನ್ನು ಮಾಡಿತ್ತು.

ಎರಡನೆಯ ಕಾರಣ ಭಯ. ಚಿಪ್ಪು ಕಲ್ಲಿನಂತೆ ಜಡವೆಂದು ನಾವು ಭಾವಿಸುತ್ತೇವೆ. ಅದು ಬೆನ್ನೆಲುಬು, ಪಕ್ಕೆಲುಬುಗಳು ಕೂಡಿ ಬೆಳೆದ ಜೀವಂತ ಎಲುಬು. ಮುಟ್ಟಿದರೆ ಆಮೆಗೆ ಗೊತ್ತಾಗುತ್ತದೆ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ಕಾಲಿನಂತೆ ಕಂಡರೆ ಆಶ್ಚರ್ಯವಿಲ್ಲ. ಎತ್ತಿ ಗಾಳಿಯಲ್ಲಿ ಹಿಡಿದಾಗ ಕಾಲಿಗೆ ಆಸರೆ ತಪ್ಪಿ ಒದ್ದಾಡುತ್ತದೆ, ಉಗುರಿನಿಂದ ಪರಚುತ್ತದೆ, ಕೊನೆಗೆ ಕಚ್ಚುತ್ತದೆ. ಕಚ್ಚಿಸಿಕೊಂಡವರು ಕೈ ಕೊಡವುತ್ತಾರೆ, ಆಮೆ ಸಿಮೆಂಟಿನ ನೆಲಕ್ಕೆ ಬಿದ್ದು ಚಿಪ್ಪು ಸೀಳುತ್ತದೆ. ನಮ್ಮ ಬೆರಳಿನ ಗಾಯ ವಾರದಲ್ಲಿ ಮಾಯುತ್ತದೆ. ಸೀಳಿದ ಚಿಪ್ಪು ಕೂಡಿಕೊಳ್ಳಲು ತಿಂಗಳುಗಳೇ ಬೇಕು, ಹಲವು ಸಲ ಪ್ರಾಣಿಯೇ ಉಳಿಯುವುದಿಲ್ಲ.

ಮೂರನೆಯದು, ನಮ್ಮ ಮಲೆನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಆಮೆಯು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲು ಕಾಯ್ದರೆ ಮಾತ್ರ ಅದಕ್ಕೆ ಅರಗುವ ಶಕ್ತಿ. ಆಷಾಢ, ಶ್ರಾವಣಗಳಲ್ಲಿ ನಮ್ಮಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಒಳಮನೆಯ ಮೂಲೆಯ ಬೋಗುಣಿಯಲ್ಲಿರುವ ಆಮೆ ಮಂಕಾಗುತ್ತದೆ, ತಿನ್ನುವುದನ್ನು ಬಿಡುತ್ತದೆ. ನವರಾತ್ರಿಯ ಹೊತ್ತಿಗೆ ಬಿಸಿಲು ಬಿದ್ದೊಡನೆ ಹಸಿವು ಒಮ್ಮೆಲೆ ಕೆರಳುತ್ತದೆ. ಹುಡುಗ ಬಕೆಟ್ ಹಿಡಿದು ಬಂದದ್ದು ಇದೇ ಹೊತ್ತಿನಲ್ಲಿ ಎಂಬುದನ್ನು ಗಮನಿಸಿ. ಬಿಸಿಲಿಲ್ಲದ ಆಮೆಗೆ ಇನ್ನೊಂದು ಕೇಡೂ ಇದೆ. ಬಿಸಿಲಿನ ಅತಿನೇರಳೆ ಕಿರಣವಿಲ್ಲದೆ ಮೈಯಲ್ಲಿ ಡಿ ಜೀವಸತ್ವ ತಯಾರಾಗುವುದಿಲ್ಲ; ಅದಿಲ್ಲದೆ ಸುಣ್ಣದ ಅಂಶ ಎಲುಬಿಗೆ ಸೇರದೆ ಚಿಪ್ಪು ಮೆತ್ತಗಾಗುತ್ತದೆ. ಅನ್ನ, ಬ್ರೆಡ್ಡುಗಳನ್ನೇ ಹಾಕುತ್ತ ಬಂದರೆ ಎ ಜೀವಸತ್ವದ ಕೊರತೆಯಿಂದ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುತ್ತದೆ. ಕಣ್ಣು ಕಾಣದ, ಮೈ ನೋಯುವ ಪ್ರಾಣಿ ತಗುಲಿದ್ದನ್ನೆಲ್ಲ ಕಚ್ಚುತ್ತದೆ. ನಿನ್ನೆಯವರೆಗೆ ಸುಮ್ಮನಿದ್ದ ಆಮೆ ಇಂದು ಕಚ್ಚತೊಡಗಿತೆಂದರೆ ಮೊದಲು ಅದರ ಕಣ್ಣು, ಚಿಪ್ಪು, ಕೊಕ್ಕುಗಳನ್ನು ನೋಡಿ. ಅಗತ್ಯವಿದ್ದರೆ ಪಶುವೈದ್ಯರಿಗೆ ತೋರಿಸಿ.

ಬೆಳೆದ ಗಂಡುಗಳ ಜಗಳ, ಮೊಟ್ಟೆಯಿಡಲು ಜಾಗ ಹುಡುಕುವ ಹೆಣ್ಣಿನ ಚಡಪಡಿಕೆ, ಇಕ್ಕಟ್ಟಾದ ತೊಟ್ಟಿ, ಇವೂ ಕಾರಣಗಳೇ. ಗಂಡಿನ ಜೊತೆಯಿಲ್ಲದ ಹೆಣ್ಣೂ ಮೊಟ್ಟೆಯಿಡಬಲ್ಲದು. ಅದಕ್ಕೆ ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೆ ಅಪಾಯ.

ಹಾಗಾದರೆ ಮಾಡಬೇಕಾದದ್ದೇನು? ಬೆರಳಿನಿಂದ ತಿನ್ನಿಸುವುದನ್ನು ಇಂದೇ ನಿಲ್ಲಿಸಿ. ಉದ್ದನೆಯ ಇಕ್ಕಳದಿಂದಲೋ ಬಿದಿರಿನ ಕಡ್ಡಿಯಿಂದಲೋ ಕೊಡಿ. ಇನ್ನೂ ಒಳ್ಳೆಯದೆಂದರೆ, ತಿನ್ನುವುದಕ್ಕೆಂದೇ ಬೇರೆ ಪಾತ್ರೆ ಇಟ್ಟು ಅಲ್ಲಿಯೇ ಉಣಿಸಿ. ಆಗ ವಾಸದ ತೊಟ್ಟಿಗೆ ಇಳಿಯುವ ಕೈಗೂ ಆಹಾರಕ್ಕೂ ಇರುವ ನಂಟು ಮೆಲ್ಲನೆ ಕಡಿದುಹೋಗುತ್ತದೆ. ಮೆಲ್ಲನೆ ಎಂದೆ, ಕಲಿತದ್ದನ್ನು ಮರೆಯಲು ಅದಕ್ಕೆ ತಿಂಗಳುಗಳು ಬೇಕು. ಮರಿಗಳು ಹೆಚ್ಚಾಗಿ ಮಾಂಸಾಹಾರಿಗಳು. ಬೆಳೆದಂತೆ ಸೊಪ್ಪು, ಜಲಸಸ್ಯಗಳ ಪಾಲು ಹೆಚ್ಚಬೇಕು. ಬೆಳೆದ ಆಮೆಗೆ ಎರಡು-ಮೂರು ದಿನಗಳಿಗೊಮ್ಮೆ ಪೂರ್ಣ ಆಹಾರ ಸಾಕು. ಚಿಪ್ಪಿನ ಒಂದೊಂದು ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಎಂಬುದು ಸಾಕುವವರ ಲೆಕ್ಕ. ಏರಿ ಕುಳಿತು ಮೈ ಒಣಗಿಸಿಕೊಳ್ಳಲು ಕಲ್ಲೋ ಮರದ ತುಂಡೋ ಬೇಕು. ಅದರ ಮೇಲೆ ನೇರ ಬಿಸಿಲು ಬೀಳಬೇಕು, ಗಾಜಿನೊಳಗಿಂದ ಬಂದ ಬಿಸಿಲು ಸಾಲದು. ಪಕ್ಕದಲ್ಲಿ ನೆರಳೂ ಇರಬೇಕು. ಎತ್ತುವುದು ಅನಿವಾರ್ಯವಾದಾಗ ಎರಡೂ ಕೈಗಳಿಂದ, ಮುಂಗಾಲು ಹಿಂಗಾಲುಗಳ ನಡುವೆ ಚಿಪ್ಪಿನ ಎರಡೂ ಬದಿ ಹಿಡಿದು, ನೆಲಕ್ಕೆ ಸಮೀಪದಲ್ಲೇ ಎತ್ತಿ. ಬಾಲ ಹಿಡಿದು ಎತ್ತಲೇಬೇಡಿ. ಮೂಗಿಗೆ ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವವರಿದ್ದಾರೆ. ಅದರಿಂದ ಆಮೆ ಕಲಿಯುವುದು ಒಂದನ್ನೇ, ಕೈಯೆಂದರೆ ಶತ್ರು ಎಂಬುದನ್ನು.

ಕಚ್ಚಿ ಹಿಡಿದುಬಿಟ್ಟರೆ? ನಮ್ಮಲ್ಲಿ ಉಡದ ಹಿಡಿತ ಎನ್ನುವಂತೆ ಬಂಗಾಳಿಗಳು ಬಿಡದ ಪಟ್ಟಿಗೆ ಆಮೆಯ ಕಡಿತ ಎನ್ನುತ್ತಾರೆ. ಎಳೆಯಬೇಡಿ, ಎಳೆದಷ್ಟೂ ಚರ್ಮ ಹರಿಯುತ್ತದೆ, ಅದರ ಹಿಡಿತವೂ ಬಿಗಿಯಾಗುತ್ತದೆ. ಕೈಯ ಸಮೇತ ಆಮೆಯನ್ನು ನೀರಿಗಿಳಿಸಿ ಅಲುಗಾಡದೆ ಇರಿ. ಓಡಿಹೋಗಲು ದಾರಿ ಕಂಡರೆ ತಾನಾಗಿ ಬಿಡುತ್ತದೆ. ಬಳಿಕ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ. ಚರ್ಮ ಹರಿದಿದ್ದರೆ ವೈದ್ಯರಲ್ಲಿಗೆ ಹೋಗಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗೆಗೆ ವಿಚಾರಿಸಿ. ಹುಚ್ಚುನಾಯಿ ರೋಗದ ಹೆದರಿಕೆ ಬೇಡ, ಅದು ಸಸ್ತನಿಗಳ ರೋಗ. ಹೆದರಬೇಕಾದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ. ಆರೋಗ್ಯವಾಗಿ ಕಾಣುವ ಆಮೆಯ ಮಲದಲ್ಲಿ, ನೀರಿನಲ್ಲಿ ಅದಿರುತ್ತದೆ. ಮಕ್ಕಳಿಗೆ ಜ್ವರ, ಭೇದಿ ತರುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯೆಂದು ಮಾರುವುದನ್ನು ನಿಷೇಧಿಸಿದರು. ಆಮೆಯ ನೀರನ್ನು ಅಡುಗೆಮನೆಯ ಬಚ್ಚಲಿಗೆ ಚೆಲ್ಲಬೇಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆಯನ್ನು ತರಲೇಬೇಡಿ.

ಈಗ ಹುಡುಗನ ತಂದೆಯ ಮಾತಿಗೆ ಬರುತ್ತೇನೆ. ಕಚ್ಚುವ ಆಮೆಯನ್ನು ಹೊಳೆಗೆ ಬಿಡುವುದು ದಯೆಯ ಕೆಲಸವೆಂದೇ ಅವರು ತಿಳಿದಿದ್ದರು. ಬೆಂಗಳೂರಿನ ಕೆರೆಗಳಲ್ಲಿ ಇಂದು ಈ ಆಮೆಗಳು ಕಾಣುತ್ತಿರುವುದು ಇಂಥ ದಯೆಯಿಂದಲೇ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಐರೋಪ್ಯ ಒಕ್ಕೂಟ 1997ರಲ್ಲಿ ಇದರ ಆಮದನ್ನು ತಡೆಯಿತು. ಫ್ರಾನ್ಸಿನಲ್ಲಿ ನಡೆದ ಪ್ರಯೋಗಗಳಲ್ಲಿ ಇದು ಅಲ್ಲಿನ ಸ್ಥಳೀಯ ಕೊಳದಾಮೆಯನ್ನು ಬಿಸಿಲು ಕಾಯುವ ತಾಣಗಳಿಂದ ಹೊರದೂಡಿತು. ಬಿಸಿಲೇ ಅಪರೂಪವಾದ ನಮ್ಮ ಹೊಳೆಗಳಲ್ಲಿ, ಬಂಡೆಯ ಮೇಲೆ ಮೈಕಾಯುವ ನಮ್ಮ ಕರಿ ಆಮೆಗೆ ಇದರ ಅರ್ಥವೇನೆಂದು ಊಹಿಸಿಕೊಳ್ಳಿ. ಪರಜೀವಿಗಳು ಬಂದು ನೆಲೆಯೂರುವುದು ನಮಗೆ ಹೊಸತಲ್ಲ. 1847ರಲ್ಲಿ ಮಾರಿಷಸ್ಸಿನಿಂದ ಒಬ್ಬರು ಕಲ್ಕತ್ತಕ್ಕೆ ತಂದು ತೋಟಕ್ಕೆ ಬಿಟ್ಟ ಆಫ್ರಿಕದ ದೈತ್ಯ ಬಸವನಹುಳು ಇಂದು ನಮ್ಮ ತೋಟಗಳಲ್ಲಿ ಏನು ಮಾಡುತ್ತಿದೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಟಾರ್ಚು ಹಿಡಿದು ಅದನ್ನು ಹೆಕ್ಕಿದವರು ಈ ಸಭೆಯಲ್ಲೇ ಇದ್ದಾರೆ.

ಇದರ ಬದಲಿಗೆ ನಮ್ಮ ಹಳ್ಳದ ಆಮೆಯನ್ನೇ ಸಾಕಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೂಡದು. ನಕ್ಷತ್ರ ಆಮೆಯೂ, ಗದ್ದೆ ಉಳುವಾಗ ಕೆಸರಿನಲ್ಲಿ ಸಿಗುವ ಫ್ಲಾಪ್‌ಶೆಲ್ ಎಂಬ ಮೆದುಚಿಪ್ಪಿನ ಆಮೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಇನ್ನು ಕಚ್ಚುವ ವಿಷಯಕ್ಕೆ ಬಂದರೆ, ಮೆದುಚಿಪ್ಪಿನದರ ಕತ್ತು ಬಹಳ ಉದ್ದ. ಬದಿಯಲ್ಲಿ ಹಿಡಿದ ಕೈಗೂ ತಿರುಗಿ ತಲುಪುತ್ತದೆ. ನೇಗಿಲಿಗೋ ಟಿಲ್ಲರಿಗೋ ಅಡ್ಡ ಬಂದರೆ ಸಲಿಕೆಯಿಂದಲೋ ಬುಟ್ಟಿಯಿಂದಲೋ ಎತ್ತಿ, ಅದೇ ಗದ್ದೆಯ ಬದುವಿನಾಚೆ ನೀರಿರುವಲ್ಲಿ ಇಳಿಸಿ. ಅದನ್ನು ಬೇರೆ ಊರಿನ ಕೆರೆಗೆ ಒಯ್ಯುವುದು ಬೇಡ.

ಕೆಂಪುಕಿವಿಯ ಆಮೆ ಈಗಾಗಲೇ ಮನೆಯಲ್ಲಿದ್ದರೆ ಅದರ ಆಯುಷ್ಯ ಮುಗಿಯುವವರೆಗೆ ಸಾಕಬೇಕು. ಆಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಬೇಕು, ಅಥವಾ ಅರಣ್ಯ ಇಲಾಖೆಯನ್ನೋ ಪ್ರಾಣಿ ರಕ್ಷಣಾ ಕೇಂದ್ರವನ್ನೋ ವಿಚಾರಿಸಬೇಕು. ಕೇರಳದಲ್ಲಿ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯು ಇಂಥ ಆಮೆಗಳನ್ನು ಜನರಿಂದ ಪಡೆದು ಇರಿಸಿಕೊಳ್ಳುವ ಕೆಲಸ ಮಾಡಿದೆ. ನಮ್ಮ ಜಿಲ್ಲೆಗಳಲ್ಲೂ ಅಂಥ ವ್ಯವಸ್ಥೆ ಬೇಕೆಂದು ನಾವು ಬರೆದು ಕೇಳಬೇಕಾಗಿದೆ. ಮನವಿಯ ಕರಡನ್ನು ನಾನು ತಂದಿದ್ದೇನೆ, ಸಭೆಯ ನಂತರ ಓದಿ ನೋಡಿ ಸಹಿ ಮಾಡಬಹುದು.

ಆ ಹುಡುಗನ ಆಮೆ ಹೊಳೆಗೆ ಹೋಗಲಿಲ್ಲ. ಹಟ್ಟಿಯ ಪಕ್ಕದಲ್ಲಿ ಬಳಸದೆ ಬಿದ್ದಿದ್ದ ಸಿಮೆಂಟಿನ ತೊಟ್ಟಿಯನ್ನು ತೊಳೆದು, ನಡುವೆ ಒಂದು ಚಪ್ಪಡಿ ಇಟ್ಟು, ಮೇಲೆ ನಾಯಿ ಬೆಕ್ಕು ಬಾರದಂತೆ ಬಲೆ ಹೊದಿಸಿದ್ದಾರೆ. ಹುಡುಗ ಇಕ್ಕಳದಿಂದ ತಿನ್ನಿಸುತ್ತಾನೆ. ಮೊನ್ನೆ ನಾನು ಹೋದಾಗ ಅದು ಚಪ್ಪಡಿಯ ಮೇಲೆ ಕಾಲು ಚಾಚಿ ಬಿಸಿಲು ಕಾಯುತ್ತಿತ್ತು. ನನ್ನ ನೆರಳು ಬಿದ್ದೊಡನೆ ಬಾಯಿ ತೆರೆಯಿತು. ತಂಗಿ ಮಾತ್ರ ಇನ್ನೂ ತೊಟ್ಟಿಯಿಂದ ಮಾರುದೂರದಲ್ಲೇ ನಿಲ್ಲುತ್ತಾಳೆ. ಅದು ಸರಿಯೇ.

ಪ್ರಶ್ನೆಗಳಿದ್ದರೆ ಕೇಳಬಹುದು.